ಪರದೇಶದಲ್ಲೊಂದು ಸೆಮಿಸ್ಟರ್: ವಿದ್ಯಾರ್ಥಿ ವಿನಿಮಯದ ಹಿಂದಿನ ಕಥೆ



ನನ್ನಲ್ಲಿ ಓದಿದ ನಿಮ್ಮಲ್ಲಿ ಹಲವರ ಮಕ್ಕಳು ಈಗ ಪದವಿ ತರಗತಿಗಳಲ್ಲಿದ್ದಾರೆ. ಅವರಲ್ಲಿ ಕೆಲವರು 'ಎಕ್ಸ್‌ಚೇಂಜ್' ಎಂಬ ಹೆಸರಿನಲ್ಲಿ ಒಂದು ಸೆಮಿಸ್ಟರ್ ಕಾಲ ಜರ್ಮನಿಗೋ ಫ್ರಾನ್ಸಿಗೋ ಹೋಗಿಬರುತ್ತಿರುವ ಸುದ್ದಿ ಆಗಾಗ ಕಿವಿಗೆ ಬೀಳುತ್ತದೆ. ಸಂತೋಷದ ಜೊತೆಗೆ ಒಂದು ಅನುಮಾನವೂ ಹಲವರ ಮಾತಿನಲ್ಲಿ ಇಣುಕುತ್ತದೆ. "ಮೇಷ್ಟ್ರೇ, ಐದಾರು ತಿಂಗಳಲ್ಲಿ ಅಲ್ಲಿ ಅದೇನು ಕಲಿತಾರು? ಊರು ನೋಡಿಬರಲು ಇಷ್ಟೊಂದು ಖರ್ಚೇ?" ಪ್ರಶ್ನೆ ನ್ಯಾಯವಾದುದೇ. ಆದರೆ ಅದು ಹೊಸದಲ್ಲ. ಇದೇ ಪ್ರಶ್ನೆಯನ್ನು ಸುಮಾರು ಏಳು ದಶಕಗಳ ಹಿಂದೆ ರೋಮ್ ನಗರದಲ್ಲಿ ಒಬ್ಬ ಗುಮಾಸ್ತ ಒಬ್ಬ ವಿದ್ಯಾರ್ಥಿನಿಯನ್ನು ಕೇಳಿದ್ದ. ಅದರ ಫಲವಾಗಿ ಒಂದು ಖಂಡದ ಶಿಕ್ಷಣಪದ್ಧತಿಯೇ ಬದಲಾಯಿತು. ಆ ಕಥೆಯನ್ನು ಹೇಳುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗೋಣ. ಇತಿಹಾಸದ ಮೇಷ್ಟ್ರಿಗೆ ಹಿಂದಕ್ಕೆ ಹೋಗದೆ ಪಾಠ ಆರಂಭಿಸುವ ಅಭ್ಯಾಸವಿಲ್ಲವೆಂಬುದು ನಿಮಗೆ ಗೊತ್ತೇ ಇದೆ.

ವಿದ್ಯೆಗಾಗಿ ಪರರಾಜ್ಯಕ್ಕೆ ಹೋದ ವಿದ್ಯಾರ್ಥಿಗಳಲ್ಲಿ ಕನ್ನಡಿಗರು ಮೊದಲು ನೆನೆಯಬೇಕಾದವನು ಮಯೂರಶರ್ಮ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಹೇಳುವಂತೆ, ಅವನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಯ ಘಟಿಕಾಸ್ಥಾನಕ್ಕೆ ಉನ್ನತ ವ್ಯಾಸಂಗಕ್ಕಾಗಿ ಹೋದನು. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದನು. ನಾವು ಈ ಪಾಠವನ್ನು ರಾಜ್ಯಸ್ಥಾಪನೆಯ ಪಾಠವಾಗಿ ಓದಿದ್ದೇವೆ. ಅದನ್ನೇ ಇನ್ನೊಂದು ಕಡೆಯಿಂದ ನೋಡಿದರೆ, ಪರರಾಜ್ಯದಲ್ಲಿ ಓದಲು ಹೋದ ಹುಡುಗನಿಗೆ ಅಲ್ಲಿ ರಕ್ಷಣೆಯಾಗಲೀ ಗೌರವವಾಗಲೀ ದೊರೆಯದಿದ್ದುದರ ಕಥೆಯೂ ಹೌದು.

ಇದಕ್ಕೆ ವಿರುದ್ಧವಾದ ಉದಾಹರಣೆ ಹ್ಯೂಯೆನ್‌ತ್ಸಾಂಗನದು. ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು ಬರೆದ ಪ್ರವಾಸಿ ಎಂದಷ್ಟೇ ನಾವು ಅವನನ್ನು ನೆನಪಿಟ್ಟುಕೊಂಡಿದ್ದೇವೆ. ವಾಸ್ತವವಾಗಿ ಅವನು ವಿದ್ಯಾರ್ಥಿಯಾಗಿಯೇ ಹೊರಟವನು. ನಾಲಂದದಲ್ಲಿ ಶೀಲಭದ್ರನ ಶಿಷ್ಯನಾಗಿ ವರ್ಷಗಟ್ಟಲೆ ಓದಿ, 645ರಲ್ಲಿ 657 ಗ್ರಂಥಗಳೊಡನೆ ಚೀನಾಕ್ಕೆ ಮರಳಿದನು. ಅವನಿಗೆ ನಾಲಂದವು ಅನ್ನ, ವಸತಿ, ಗುರು ಮೂರನ್ನೂ ಕೊಟ್ಟಿತು.

ಪರಸ್ಥಳದ ವಿದ್ಯಾರ್ಥಿಗೆ ಕಾನೂನಿನ ರಕ್ಷಣೆ ಬೇಕೆಂಬುದನ್ನು ಯುರೋಪಿನಲ್ಲಿ ಮೊದಲು ಶಾಸನವಾಗಿ ಬರೆಸಿದವನು ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ. ಇಟಲಿಯ ಬೊಲೋನ್ಯದಲ್ಲಿ ನ್ಯಾಯಶಾಸ್ತ್ರ ಓದಲು ದೂರದೂರದಿಂದ ತರುಣರು ಬರುತ್ತಿದ್ದರು. ಅಂದಿನ ಪದ್ಧತಿ ವಿಚಿತ್ರವಾದುದು. ಒಂದು ಊರಿನವನು ಸಾಲ ಮಾಡಿ ಓಡಿಹೋದರೆ, ಅದೇ ಊರಿನ ಇನ್ನೊಬ್ಬನನ್ನು ಹಿಡಿದು ವಸೂಲು ಮಾಡಬಹುದಾಗಿತ್ತು. ಕೈಗೆ ಸುಲಭವಾಗಿ ಸಿಗುತ್ತಿದ್ದವರು ವಿದ್ಯಾರ್ಥಿಗಳೇ. 1155ರಿಂದ 1158ರ ನಡುವೆ ಹೊರಬಿದ್ದ ಆ ಶಾಸನವು ಇದನ್ನು ನಿಷೇಧಿಸಿತು. ಓದುವವನು ನಿರ್ಭಯವಾಗಿ ಸಂಚರಿಸಬಹುದು, ಅವನ ಮೇಲೆ ದೂರು ಬಂದರೆ ಅವನ ಗುರುವೋ ಬಿಷಪ್ಪರೋ ವಿಚಾರಿಸಬೇಕು ಎಂದಿತು. ಇಂದು ವಿದ್ಯಾರ್ಥಿ ವೀಸಾ ಎಂಬ ಕಾಗದದ ಹಿಂದಿರುವ ಭಾವನೆಯ ಬೀಜ ಅಲ್ಲಿದೆ.

ಇವೆಲ್ಲ ಪೂರ್ಣ ವಿದ್ಯಾಭ್ಯಾಸಕ್ಕಾಗಿ ಹೋದವರ ಕಥೆಗಳಾದವು. ಸ್ವಂತ ಕಾಲೇಜಿನ ವಿದ್ಯಾರ್ಥಿಯಾಗಿಯೇ ಉಳಿದು, ಕೆಲವು ತಿಂಗಳು ಮಾತ್ರ ಪರದೇಶದಲ್ಲಿ ಓದಿ, ಮರಳಿ ಬಂದು ತನ್ನ ಪದವಿಯನ್ನೇ ಪಡೆಯುವ ಕ್ರಮ ತೀರ ಈಚಿನದು. ಅದಕ್ಕೆ ಸರಿಯಾಗಿ ನೂರು ವರ್ಷ ತುಂಬಿದ್ದು 2023ರಲ್ಲಿ.

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ರೇಮಂಡ್ ಕರ್ಕ್‌ಬ್ರೈಡ್ ಎಂಬ ತರುಣ ಅಧ್ಯಾಪಕರಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಫ್ರಾನ್ಸನ್ನು ಕಂಡು ಬಂದವರು. ತರುಣರು ಒಂದು ವರ್ಷವನ್ನು ಪರದೇಶದಲ್ಲಿ ಕಳೆದರೆ ಭಾಷೆಯೂ ಬರುತ್ತದೆ, ಆ ಜನರ ಮನಸ್ಸೂ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ವಿಶ್ವವಿದ್ಯಾಲಯದ ಅಧ್ಯಕ್ಷ ವಾಲ್ಟರ್ ಹುಲಿಹೆನ್ ಬೆಂಬಲಿಸಿದರು. ಹಣಕ್ಕಾಗಿ ಉದ್ಯಮಿ ಪಿಯರ್ ಡುಪಾಂಟರಂಥ ದಾನಿಗಳನ್ನು ಆಶ್ರಯಿಸಬೇಕಾಯಿತು. 1923ರ ಜುಲೈ 7ರಂದು 8 ಮಂದಿ ವಿದ್ಯಾರ್ಥಿಗಳು ಕರ್ಕ್‌ಬ್ರೈಡರೊಡನೆ ಹಡಗು ಹತ್ತಿದರು. ಮೊದಲು ನ್ಯಾನ್ಸಿ ನಗರದಲ್ಲಿ ಭಾಷಾಭ್ಯಾಸ, ಆಮೇಲೆ ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಪಾಠ. ಅಲ್ಲಿ ಓದಿದ್ದು ಡೆಲವೇರಿನ ಪದವಿಗೆ ಲೆಕ್ಕಕ್ಕೆ ಬರುತ್ತಿತ್ತೆಂಬುದೇ ಈ ಯೋಜನೆಯ ಹೊಸತನ. 1925ರಲ್ಲಿ ಸ್ಮಿತ್ ಕಾಲೇಜು ತನ್ನ ವಿದ್ಯಾರ್ಥಿನಿಯರ ತಂಡವನ್ನೂ ಫ್ರಾನ್ಸಿಗೆ ಕಳುಹಿಸಿತು. ಅದೇ ವರ್ಷ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಇಂದಿನ 'ಡಾಡ್' ಎಂಬ ವಿನಿಮಯ ಸಂಸ್ಥೆಯ ಮೂಲರೂಪ ಹುಟ್ಟಿತು.

ಆದರೂ ಎರಡನೆಯ ಮಹಾಯುದ್ಧ ನಡೆದೇ ಹೋಯಿತು. ವಿದ್ಯಾರ್ಥಿಗಳು ಪರಸ್ಪರ ದೇಶಗಳಿಗೆ ಹೋಗಿಬಂದರೆ ಯುದ್ಧಗಳು ನಿಲ್ಲುತ್ತವೆ ಎಂದು ಹೇಳುವವರು ಈ ಸಂಗತಿಯನ್ನು ಮರೆಯಬಾರದು. ಆದರೆ ಯುದ್ಧ ಮುಗಿದೊಡನೆ ಜನ ಕೈಬಿಟ್ಟದ್ದು ವಿನಿಮಯವನ್ನಲ್ಲ. ಅದನ್ನು ಇನ್ನಷ್ಟು ದೊಡ್ಡದಾಗಿ ಮಾಡಲು ಹೊರಟರು. ಅಮೆರಿಕದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ತರುಣರಾಗಿದ್ದಾಗ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಓದಿದ್ದವರು. ಯುದ್ಧಾನಂತರ ಅಮೆರಿಕದ ಅಪಾರ ಸೇನಾ ಸಾಮಗ್ರಿ ಹಲವು ದೇಶಗಳಲ್ಲಿ ಬಿದ್ದಿತ್ತು. ಕೊಳ್ಳುವ ದೇಶಗಳ ಬಳಿ ಡಾಲರ್ ಇರಲಿಲ್ಲ. ಆ ದೇಶಗಳು ತಮ್ಮ ನಾಣ್ಯದಲ್ಲೇ ಬೆಲೆ ತೆರಲಿ, ಆ ಹಣ ವಿದ್ಯಾರ್ಥಿಗಳ ಹಾಗೂ ವಿದ್ವಾಂಸರ ವಿನಿಮಯಕ್ಕೆ ಬಳಕೆಯಾಗಲಿ ಎಂಬುದು ಅವರ ಮಸೂದೆಯ ತಿರುಳು. 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಅದಕ್ಕೆ ಸಹಿ ಹಾಕಿದರು. ಯುದ್ಧದ ಗುಜರಿಯಿಂದ ವಿದ್ಯಾರ್ಥಿವೇತನ ಹುಟ್ಟಿತು!

ಭಾರತದೊಡನೆ ಈ ಒಪ್ಪಂದವಾದದ್ದು 1950ರ ಫೆಬ್ರವರಿ 2ರಂದು, ನೆಹರೂ ಅವರ ಸಹಿಯೊಂದಿಗೆ. 2008ರಿಂದ ಎರಡೂ ಸರಕಾರಗಳು ವೆಚ್ಚವನ್ನು ಸಮವಾಗಿ ಹಂಚಿಕೊಳ್ಳಲು ಒಪ್ಪಿ, ಅದಕ್ಕೆ ಫುಲ್‌ಬ್ರೈಟ್-ನೆಹರೂ ಎಂಬ ಹೆಸರು ಬಂತು. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಈ ವಿದ್ಯಾರ್ಥಿವೇತನದ ಮೇಲೆಯೇ ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಹೋದರು. ಅವರು ಅಲ್ಲಿಯೇ ನೆಲೆಸಿ ಶಿಕಾಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಆದರೆ 1969ರಲ್ಲಿ ಅವರ 'ಹೊಕ್ಕುಳಲ್ಲಿ ಹೂವಿಲ್ಲ' ಕನ್ನಡದಲ್ಲಿಯೇ ಬಂತು. 1973ರಲ್ಲಿ ಅವರ ಇಂಗ್ಲಿಷ್ ಅನುವಾದದ ಮೂಲಕ ವಚನಗಳು ಜಗತ್ತಿನ ಓದುಗರನ್ನು ಮುಟ್ಟಿದವು. ಇನ್ನು ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರೆದದ್ದು ಮಲೆನಾಡಿನ ಅಗ್ರಹಾರವೊಂದರ ಕಥೆಯಾದ 'ಸಂಸ್ಕಾರ'. ಒಬ್ಬರು ಮರಳಿದರು, ಒಬ್ಬರು ಮರಳಲಿಲ್ಲ; ಇಬ್ಬರಿಂದಲೂ ಕನ್ನಡಕ್ಕೆ ಲಾಭವಾಯಿತು. ದೂರದಲ್ಲಿದ್ದಾಗ ಊರು ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈಗ ರೋಮ್ ನಗರದ ಗುಮಾಸ್ತನ ಕಥೆಗೆ ಬರೋಣ. ಸೋಫಿಯ ಕೊರಾದಿ 1934ರಲ್ಲಿ ರೋಮಿನಲ್ಲಿ ಹುಟ್ಟಿದವರು. ಸಪಿಯೆಂಜಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದ ಆಕೆ, ಅದೇ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋಗಿ ಸ್ನಾತಕೋತ್ತರ ಪದವಿಯನ್ನೇ ಗಳಿಸಿದರು. 1958ರಲ್ಲಿ ಮರಳಿ ಬಂದು, ಅಲ್ಲಿ ಓದಿದ್ದನ್ನು ತನ್ನ ಇಟಲಿಯ ಪದವಿಗೆ ಸೇರಿಸಿಕೊಳ್ಳಿರೆಂದು ಕಚೇರಿಯ ಕಿಟಕಿಯ ಮುಂದೆ ನಿಂತರು. ಅಲ್ಲಿದ್ದ ಅಧಿಕಾರಿ ಎಲ್ಲರೆದುರಿಗೇ ಹೀಯಾಳಿಸಿದ. ಅಮೆರಿಕದಲ್ಲಿ ಸುತ್ತಾಡಿ ಬಂದು ಅದನ್ನು ಓದು ಎನ್ನುತ್ತೀಯಾ, ಹೋಗಿ ಪರೀಕ್ಷೆಗೆ ಕೂರು ಎಂಬುದು ಅವನ ಮಾತಿನ ಸಾರಾಂಶ. ಆಕೆ ಮತ್ತೆ ಪರೀಕ್ಷೆಗಳಿಗೆ ಕೂತು ಪದವಿ ಪಡೆಯಬೇಕಾಯಿತು. ಒಂದು ವರ್ಷ ವ್ಯರ್ಥವಾಯಿತು.

ನಾವಾದರೆ ಮನೆಗೆ ಬಂದು ಆ ಅಧಿಕಾರಿಯನ್ನು ಬೈದು ಸುಮ್ಮನಾಗುತ್ತಿದ್ದೆವು. ಕೊರಾದಿಯವರು ತಪ್ಪು ಒಬ್ಬ ಮನುಷ್ಯನದಲ್ಲ, ನಿಯಮದ್ದು ಎಂದು ಅರಿತರು. ಇಟಲಿಯ ವಿಶ್ವವಿದ್ಯಾಲಯಗಳ ಕುಲಪತಿಗಳ ಸಮ್ಮೇಳನಕ್ಕೆ ಸಲಹೆಗಾರರಾಗಿ ಸೇರಿಕೊಂಡು, 1969ರಲ್ಲಿ ಒಂದು ಮನವಿಪತ್ರ ಸಿದ್ಧಪಡಿಸಿದರು. ವಿದ್ಯಾರ್ಥಿಯು ಮೊದಲೇ ಒಪ್ಪಿಗೆ ಪಡೆದು ಪರದೇಶದಲ್ಲಿ ಓದಿದ ವಿಷಯಗಳನ್ನು ತವರಿನ ವಿಶ್ವವಿದ್ಯಾಲಯ ಮಾನ್ಯ ಮಾಡಬೇಕು ಎಂಬುದಷ್ಟೇ ಅದರ ಬೇಡಿಕೆ. ಸಣ್ಣ ಬೇಡಿಕೆಯೇ. ಆದರೆ ಅದು ಯುರೋಪಿನ ಮಟ್ಟದಲ್ಲಿ ಈಡೇರಲು 18 ವರ್ಷ ಹಿಡಿಯಿತು. 1976ರಲ್ಲಿ ಕೆಲವು ವಿಶ್ವವಿದ್ಯಾಲಯಗಳ ನಡುವೆ ಜಂಟಿ ವ್ಯಾಸಂಗದ ಪ್ರಯೋಗ ಆರಂಭವಾಯಿತು. 1987ರ ಜೂನ್ 15ರಂದು, ಹಣದ ವಿಚಾರದಲ್ಲಿ ದೇಶಗಳ ನಡುವೆ ಸಾಕಷ್ಟು ಎಳೆದಾಟವಾದ ಮೇಲೆ, ಎರಾಸ್ಮಸ್ ಯೋಜನೆಗೆ ಅನುಮೋದನೆ ದೊರೆಯಿತು. ಮೊದಲ ವರ್ಷ ಹೋದವರು 11 ದೇಶಗಳ 3,244 ವಿದ್ಯಾರ್ಥಿಗಳು. ಅಂದಿನಿಂದ ಇಂದಿನವರೆಗೆ ಅದರ ಪ್ರಯೋಜನ ಪಡೆದವರು ಒಂದೂವರೆ ಕೋಟಿಗೂ ಹೆಚ್ಚು. 'ಎರಾಸ್ಮಸ್ ತಾಯಿ' ಎಂದೇ ಜನ ಕೊರಾದಿಯವರನ್ನು ಕರೆದರು. 2016ರಲ್ಲಿ ಸ್ಪೇನ್ ದೇಶದಲ್ಲಿ ಅವರಿಗೆ ಐದನೆಯ ಕಾರ್ಲೋಸ್ ಹೆಸರಿನ ಯುರೋಪಿಯನ್ ಪ್ರಶಸ್ತಿ ಸಂದಿತು. 2025ರಲ್ಲಿ ತಮ್ಮ 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈ ಯೋಜನೆಯ ಯಶಸ್ಸಿನ ಗುಟ್ಟು ಎರಡು ನಿಯಮಗಳಲ್ಲಿದೆ. ಮೊದಲನೆಯದು, ಹೋದಲ್ಲಿ ಬೋಧನಾ ಶುಲ್ಕ ಕೊಡಬೇಕಾಗಿಲ್ಲ. ಎರಡನೆಯದು, ವಿದ್ಯಾರ್ಥಿ, ಕಳುಹಿಸುವ ವಿಶ್ವವಿದ್ಯಾಲಯ, ಸ್ವೀಕರಿಸುವ ವಿಶ್ವವಿದ್ಯಾಲಯ ಈ ಮೂವರೂ ಹೊರಡುವ ಮುನ್ನವೇ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. 1989ರಿಂದ ಕ್ರೆಡಿಟ್ ಎಂಬ ಸಮಾನ ಅಳತೆಗೋಲು ಜಾರಿಗೆ ಬಂತು. ಪೂರ್ಣ ವರ್ಷದ ಓದಿಗೆ 60 ಕ್ರೆಡಿಟ್, ಒಂದು ಸೆಮಿಸ್ಟರಿಗೆ 30. ಸಂತೆಯಲ್ಲಿ ಎಲ್ಲರೂ ಒಂದೇ ಸೇರು ಬಳಸಿದರೆ ವ್ಯಾಪಾರ ಹೇಗೆ ಸಲೀಸೋ ಹಾಗೆ.

ಆದರೂ ಎಲ್ಲವೂ ಸರಿಯಾಗಿದೆ ಎನ್ನಲಾಗದು. ಕೊಡುವ ವೇತನ ಸಾಮಾನ್ಯವಾಗಿ ಖರ್ಚಿನ ಒಂದು ಭಾಗಕ್ಕೆ ಮಾತ್ರ ಸಾಲುತ್ತದೆ. ಉಳಿದದ್ದನ್ನು ಮನೆಯವರು ಭರಿಸಬೇಕು. ಆದುದರಿಂದ ಅನುಕೂಲಸ್ಥರ ಮಕ್ಕಳೇ ಹೆಚ್ಚು ಹೋಗುತ್ತಾರೆ ಎಂಬ ಟೀಕೆ ಮೊದಲಿನಿಂದಲೂ ಇದೆ. ರಾಜಕೀಯದ ಗಾಳಿಯೂ ಬೀಸುತ್ತದೆ. ಬ್ರಿಟನ್ 2020ರ ಅಂತ್ಯಕ್ಕೆ ಈ ಯೋಜನೆಯಿಂದ ಹೊರಬಂದು ತನ್ನದೇ ಟ್ಯೂರಿಂಗ್ ಯೋಜನೆಯನ್ನು ಆರಂಭಿಸಿತು. 2027ರಲ್ಲಿ ಮರಳಿ ಸೇರಲು 2025ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ನಡುವಿನ ವರ್ಷಗಳ ವಿದ್ಯಾರ್ಥಿಗಳಿಗೆ ಆ ಅವಕಾಶ ಮತ್ತೆ ಬರುವುದಿಲ್ಲ.

ನಮ್ಮಲ್ಲಿ ಏನಾಗಿದೆ? ಬೆಂಗಳೂರಿನ ಐಐಎಂ, ನ್ಯಾಷನಲ್ ಲಾ ಸ್ಕೂಲ್ ಮೊದಲಾದ ಸಂಸ್ಥೆಗಳಲ್ಲಿ ಇಂತಹ ವಿನಿಮಯ ಬಹಳ ವರ್ಷಗಳಿಂದ ನಡೆದಿದೆ. 2021ರಲ್ಲಿ ಯುಜಿಸಿಯು ಕ್ರೆಡಿಟ್‌ಗಳನ್ನು ಜಮಾ ಇಡುವ 'ಅಕಾಡೆಮಿಕ್ ಬ್ಯಾಂಕ್' ವ್ಯವಸ್ಥೆಯನ್ನು ತಂದಿತು. 2022ರ ಅದರ ನಿಯಮಗಳು ಪರದೇಶದ ವಿಶ್ವವಿದ್ಯಾಲಯಗಳೊಡನೆ ಸೇರಿ ಪದವಿ ನೀಡಲು ಅವಕಾಶ ಕೊಟ್ಟವು. ಕಾಗದದ ಮೇಲೆ ದಾರಿ ತೆರೆದಿದೆ. ಆದರೆ ಸಣ್ಣ ಊರುಗಳ ಕಾಲೇಜುಗಳ ಮಕ್ಕಳಿಗೆ ಈ ಮಾಹಿತಿಯೇ ತಲುಪುತ್ತಿಲ್ಲ.

ಮಾಹಿತಿ ಇದ್ದವರಿಗೂ ಕಷ್ಟ ತಪ್ಪಿದ್ದಲ್ಲ. ನನ್ನ ತಮ್ಮನ ಮಗಳು ಕೆಲವು ವರ್ಷಗಳ ಹಿಂದೆ ಒಂದು ಸೆಮಿಸ್ಟರ್ ಸ್ವೀಡನ್ನಿನಲ್ಲಿ ಓದಿ ಬಂದಳು. ನಾಲ್ಕು ವಿಷಯಗಳಲ್ಲಿಯೂ ಒಳ್ಳೆಯ ಅಂಕಗಳಿದ್ದವು. ಇಲ್ಲಿಯ ಕಾಲೇಜಿನವರು, ವಿಷಯದ ಹೆಸರು ನಮ್ಮ ಪಠ್ಯಕ್ರಮಕ್ಕೆ ಹೊಂದುವುದಿಲ್ಲವೆಂದು ಎರಡನ್ನು ಒಪ್ಪಲಿಲ್ಲ. ಅವಳು ಆ ಎರಡನ್ನೂ ಮತ್ತೆ ಓದಿ ಪರೀಕ್ಷೆ ಬರೆದಳು. ರೋಮಿನ ಆ ಕಚೇರಿಯ ಕಿಟಕಿ ಇನ್ನೂ ಎಲ್ಲೆಡೆ ಮುಚ್ಚಿಲ್ಲವೆಂದು ಆಗ ನನಗನ್ನಿಸಿತು. ಆದರೆ ಅವಳು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ದೊಡ್ಡಪ್ಪ, ಅಲ್ಲಿ ಪ್ರೊಫೆಸರ ಮಾತನ್ನು ನಾನು ಒಪ್ಪುವುದಿಲ್ಲ ಎಂದಾಗ ಅವರು ಕೋಪಿಸಿಕೊಳ್ಳಲಿಲ್ಲ, ಕಾರಣ ಕೊಡು ಎಂದರು. ಕಾರಣ ಕೊಡಲು ನನಗೆ ಒಂದು ವಾರ ಬೇಕಾಯಿತು." ಮೂವತ್ತು ವರ್ಷ ಪಾಠ ಮಾಡಿದವನಿಗೆ ಈ ಮಾತು ಚುಚ್ಚಿದ್ದೂ ಹೌದು, ಸಂತೋಷ ಕೊಟ್ಟದ್ದೂ ಹೌದು. ಐದಾರು ತಿಂಗಳಲ್ಲಿ ಏನು ಕಲಿತಾರು ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ. ಆ ವಾರಕ್ಕೆ ಯಾವ ಕಾಲೇಜಿನ ಅಂಕಪಟ್ಟಿಯಲ್ಲಿಯೂ ಕಾಲಂ ಇಲ್ಲ.

ಕೊನೆಯದಾಗಿ, ಮಕ್ಕಳನ್ನು ಕಳುಹಿಸಲು ಯೋಚಿಸುತ್ತಿರುವವರಿಗೆ ಈ ಹಳೆಯ ಮೇಷ್ಟ್ರ ಎರಡು ಮಾತು. ಯಾವ ಯಾವ ವಿಷಯಗಳು ಇಲ್ಲಿ ಮಾನ್ಯವಾಗುತ್ತವೆ ಎಂಬುದನ್ನು ಹೊರಡುವ ಮುನ್ನವೇ ಕಾಲೇಜಿನಿಂದ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆ ಬೇಡ. ಬೋಧನಾ ಶುಲ್ಕ ಮಾಫಿ ಇದೆಯೇ, ವಸತಿ, ವಿಮೆಗಳ ಖರ್ಚು ಯಾರದು ಎಂಬುದನ್ನು ವಿಚಾರಿಸಿಕೊಳ್ಳಿ. ಸ್ನಾತಕೋತ್ತರ ಓದಿಗೆ ಹೋಗುವವರಾದರೆ 2004ರಲ್ಲಿ ಆರಂಭವಾದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನವನ್ನು ಗಮನಿಸಿ. ಅದು ನಮ್ಮ ದೇಶದ ಮಕ್ಕಳಿಗೂ ತೆರೆದಿದೆ, ಪಡೆದವರ ಸಂಖ್ಯೆಯೂ ಸಣ್ಣದಲ್ಲ. ನಿಮ್ಮಲ್ಲಿ ಯಾರ ಮಕ್ಕಳಾದರೂ ಹೀಗೆ ಹೋಗಿಬಂದಿದ್ದರೆ ಅವರ ಅನುಭವವನ್ನು ನನಗೆ ಬರೆದು ತಿಳಿಸಿರಿ. ಹೋಗಲಿರುವ ಇನ್ನೊಬ್ಬರಿಗೆ ಅದು ದಾರಿದೀಪವಾದೀತು.