ಎಳೆಯ ತೋಳಿಗೆ ಎಸೆತದ ಮಿತಿ: ಬೇಸ್‌ಬಾಲ್ ಬಾಲಕರ ಗಾಯ ತಡೆಯುವ ಬಗೆ

ಬೇಸ್‌ಬಾಲ್ ಆಟದಲ್ಲಿ ಪಿಚರ್‌ನದು ಕ್ರಿಕೆಟ್‌ನ ಬೌಲರ್‌ಗೆ ಸಮನಾದ ಪಾತ್ರ. ಆದರೆ ಕ್ರಿಕೆಟ್‌ನಲ್ಲಿ ಓವರ್ ಮುಗಿದೊಡನೆ ಬೌಲರ್ ಬದಲಾಗುತ್ತಾನೆ. ಬೇಸ್‌ಬಾಲ್‌ನಲ್ಲಿ ಹಾಗಲ್ಲ, ಒಬ್ಬನೇ ಪಿಚರ್ ಹಲವು ಇನಿಂಗ್ಸ್‌ಗಳವರೆಗೆ ಎಡೆಬಿಡದೆ ಎಸೆಯಬಹುದು. ಮೇಲಾಗಿ, ಬಾಗಿದ ಮೊಣಕೈಯನ್ನು ಮಿಂಚಿನ ವೇಗದಲ್ಲಿ ನೇರಗೊಳಿಸುವುದೇ ಇಲ್ಲಿನ ಎಸೆತದ ಬಲ. ಇದರ ಬೆಲೆ ತೆರುವುದು ಎಳೆಯ ತೋಳುಗಳು.

ಪೆಟ್ಟು ಬೀಳುವುದೆಲ್ಲಿ?

ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಯ ಬೆಳವಣಿಗೆಯ ಭಾಗ ಮೃದ್ವಸ್ಥಿಯಿಂದ ಕೂಡಿರುತ್ತದೆ. ಅದು ಸುತ್ತಲಿನ ಎಲುಬಿಗಿಂತ ದುರ್ಬಲ. ಪ್ರತಿ ಎಸೆತದಲ್ಲಿಯೂ ಮೊಣಕೈಯ ಒಳಮಗ್ಗುಲು ಜಗ್ಗುವುದರಿಂದ ಅಲ್ಲಿ ಉರಿಯೂತ ಉಂಟಾಗುತ್ತದೆ. ವೈದ್ಯರು ಇದನ್ನು ‘ಲಿಟಲ್ ಲೀಗ್ ಎಲ್ಬೋ’ ಎನ್ನುತ್ತಾರೆ. ಭುಜದಲ್ಲಿಯೂ ಇಂಥದೇ ತೊಂದರೆ ಕಾಣಿಸಿಕೊಳ್ಳುತ್ತದೆ. ಹದಿಹರೆಯ ದಾಟುವ ಹೊತ್ತಿಗೆ ಎಲುಬು ಗಟ್ಟಿಯಾಗಿ, ಹೊರೆಯೆಲ್ಲ ಮೊಣಕೈಯ ಒಳಬದಿಯ ಅಸ್ಥಿರಜ್ಜುವಿನ ಮೇಲೆ ಬೀಳುತ್ತದೆ. ಅದು ಹರಿದರೆ ಮುಂದಿನದು ಶಸ್ತ್ರಚಿಕಿತ್ಸೆಯ ಹಾದಿ.

ಅಂಥ ಮೊದಲ ಶಸ್ತ್ರಚಿಕಿತ್ಸೆ ನಡೆದದ್ದು 1974ರಲ್ಲಿ. ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಅವರ ಮೊಣಕೈಗೆ ಡಾ. ಫ್ರಾಂಕ್ ಜೋಬ್ ಅವರು ಮಣಿಕಟ್ಟಿನ ಸ್ನಾಯುರಜ್ಜುವನ್ನು ತೆಗೆದು ಜೋಡಿಸಿದರು. 1976ರಲ್ಲಿ ಕಣಕ್ಕೆ ಮರಳಿದ ಜಾನ್ 1989ರವರೆಗೆ ಆಡಿದರು. ಅಂದಿನಿಂದ ಆ ಚಿಕಿತ್ಸೆಗೆ ಅವರದೇ ಹೆಸರು. ಆತಂಕದ ಸಂಗತಿಯೆಂದರೆ, 2007ರಿಂದ 2011ರ ಅವಧಿಯ ಅಮೆರಿಕದ ವಿಮಾ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದರ ಪ್ರಕಾರ, ಈ ಚಿಕಿತ್ಸೆಗೆ ಒಳಗಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 15ರಿಂದ 19 ವರ್ಷದವರು.

ಆಯಾಸವೇ ಮುಖ್ಯ ಶತ್ರು

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್ ಈ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದೆ. 9ರಿಂದ 14 ವರ್ಷದ 481 ಬಾಲಕರನ್ನು ಹತ್ತು ವರ್ಷ ಗಮನಿಸಿದ ಅದರ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವರ್ಷವೊಂದರಲ್ಲಿ 100 ಇನಿಂಗ್ಸ್‌ಗಿಂತ ಹೆಚ್ಚು ಎಸೆದವರಿಗೆ ತೀವ್ರ ಗಾಯದ ಸಂಭವ ಮೂರೂವರೆ ಪಟ್ಟು ಅಧಿಕವೆಂದು ಅದು ತಿಳಿಸಿತು. 2006ರ ಇನ್ನೊಂದು ಅಧ್ಯಯನದಂತೆ, ವರ್ಷದಲ್ಲಿ ಎಂಟು ತಿಂಗಳಿಗೂ ಮೀರಿ ಎಸೆಯುವವರಿಗೆ ಅಪಾಯ ಐದು ಪಟ್ಟು. ತೋಳು ದಣಿದಿದ್ದರೂ ಪದೇ ಪದೇ ಎಸೆಯುವವರಿಗೆ 36 ಪಟ್ಟು. ಕರ್ವ್‌ಬಾಲ್ ಎಸೆತವೇ ಮಕ್ಕಳ ಮೊಣಕೈ ಕೆಡಿಸುತ್ತದೆಂಬ ಬಹುಕಾಲದ ನಂಬಿಕೆಯನ್ನು ಮಾತ್ರ 2011ರ ಅಧ್ಯಯನ ದೃಢಪಡಿಸಲಿಲ್ಲ.

ನಿಯಮಗಳ ಬೇಲಿ

ಲಿಟಲ್ ಲೀಗ್ ಸಂಸ್ಥೆಯು 2007ರಲ್ಲಿ ಇನಿಂಗ್ಸ್ ಲೆಕ್ಕವನ್ನು ಕೈಬಿಟ್ಟು ಎಸೆತಗಳ ಲೆಕ್ಕವನ್ನು ಜಾರಿಗೆ ತಂದಿತು. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ 2014ರಲ್ಲಿ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿ ಹೊರಡಿಸಿದವು. ಅದರ ಪ್ರಕಾರ ದಿನವೊಂದರ ಗರಿಷ್ಠ ಮಿತಿ ಹೀಗಿದೆ:

* 7-8 ವರ್ಷ: 50 ಎಸೆತ
* 9-10 ವರ್ಷ: 75 ಎಸೆತ
* 11-12 ವರ್ಷ: 85 ಎಸೆತ
* 13-16 ವರ್ಷ: 95 ಎಸೆತ
* 17-18 ವರ್ಷ: 105 ಎಸೆತ

14 ವರ್ಷದೊಳಗಿನವರು 66 ಅಥವಾ ಹೆಚ್ಚು ಎಸೆತ ಎಸೆದರೆ ನಾಲ್ಕು ದಿನ ವಿರಾಮ ಕಡ್ಡಾಯ. ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಪಿಚಿಂಗ್‌ನಿಂದ ದೂರವಿರಬೇಕು. ಅದೇ ದಿನ ಕ್ಯಾಚರ್ ಆಗಿಯೂ ಆಡುವುದು ತರವಲ್ಲ. ಆ ಸ್ಥಾನದಲ್ಲಿಯೂ ತೋಳಿಗೆ ಬಿಡುವಿಲ್ಲ.

ಜಪಾನಿನ ಪಾಠ

ಜಪಾನಿನ ಪ್ರೌಢಶಾಲಾ ಬೇಸ್‌ಬಾಲ್‌ನ ಮಹಾಸಮರ ಕೊಷಿಯೆನ್. ಅಲ್ಲಿ ಸಹನೆಯೇ ಶೌರ್ಯವೆಂಬ ಭಾವನೆ ಬೇರೂರಿದೆ. 1998ರಲ್ಲಿ ಡೈಸುಕೆ ಮತ್ಸುಜಾಕಾ ಒಂದೇ ಪಂದ್ಯದ 17 ಇನಿಂಗ್ಸ್‌ಗಳಲ್ಲಿ 250 ಎಸೆತ ಎಸೆದು ಮನೆಮಾತಾದರು. 2018ರ ಬೇಸಿಗೆ ಟೂರ್ನಿಯಲ್ಲಿ ಕೊಸೆಯ್ ಯೊಶಿದಾ ಆರು ಪಂದ್ಯಗಳಲ್ಲಿ ಎಸೆದದ್ದು 881 ಬಾರಿ. ಇಂಥ ಸಾಧನೆಗೆ ಚಪ್ಪಾಳೆಯ ಜತೆಗೆ ಟೀಕೆಯೂ ಬಂತು. ಕೊನೆಗೆ 2020ರಲ್ಲಿ, ಒಬ್ಬ ಪಿಚರ್‌ಗೆ ವಾರಕ್ಕೆ 500 ಎಸೆತವೆಂಬ ಮಿತಿ ಅಲ್ಲಿ ಜಾರಿಯಾಯಿತು.

ಪಾಲಕರ ಪಾತ್ರ

ನಿಯಮವಿದ್ದರೂ ನುಸುಳಲು ದಾರಿಯಿದೆ. ಒಂದೇ ಋತುವಿನಲ್ಲಿ ಎರಡು ತಂಡಗಳಿಗೆ ಆಡುವ ಹುಡುಗನ ಒಟ್ಟು ಎಸೆತಗಳ ಲೆಕ್ಕ ಯಾವ ತರಬೇತುದಾರನ ಬಳಿಯೂ ಇರುವುದಿಲ್ಲ. ಆ ಲೆಕ್ಕವನ್ನು ಮನೆಯವರೇ ಇಡಬೇಕು. ಎಸೆತದ ವೇಗ ಕುಗ್ಗುವುದು, ಗುರಿ ತಪ್ಪುವುದು, ಮೊಣಕೈಯನ್ನು ಮತ್ತೆ ಮತ್ತೆ ಉಜ್ಜಿಕೊಳ್ಳುವುದು ದಣಿವಿನ ಸೂಚನೆಗಳು. ನೋವಿದೆ ಎಂದಾಗ ನೋವಿನ ಮಾತ್ರೆ ಕೊಟ್ಟು ಕಣಕ್ಕಿಳಿಸುವುದು ಸಲ್ಲದು. ಎಸೆತ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಶಸ್ತ್ರಚಿಕಿತ್ಸೆಯಿಂದ ತೋಳು ಮೊದಲಿಗಿಂತ ಬಲಿಷ್ಠವಾಗುತ್ತದೆಂಬುದು ಕೆಲವು ಪಾಲಕರ ನಂಬಿಕೆ. ಅದು ತಪ್ಪು. ಚೇತರಿಕೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು, ಎಲ್ಲರೂ ಹಳೆಯ ಲಯಕ್ಕೆ ಮರಳುವುದೂ ಇಲ್ಲ. ಹನ್ನೆರಡರ ಹರೆಯದಲ್ಲಿ ಗೆದ್ದ ಪಂದ್ಯಕ್ಕಿಂತ, ಇಪ್ಪತ್ತರಲ್ಲಿ ನೋವಿಲ್ಲದೆ ಎತ್ತಬಲ್ಲ ತೋಳು ದೊಡ್ಡದು.