ಚಕ್ಕಡಿಯಿಂದ ಜೀಪಿನವರೆಗೆ: ನಮ್ಮ ಭಾಗದ ರಿಪೇರಿ ವಿದ್ಯೆ



ಸೋಲಾಪುರದಿಂದ ಅಕ್ಕಲಕೋಟ ರಸ್ತೆ ಹಿಡಿದು ಹೊರಟರೆ ಎಂಐಡಿಸಿ ಸಿಗುತ್ತದೆ. ಅದು ಚಾದರ, ಟಾವೆಲ್‌ಗಳಿಂದ ಹೆಸರಾದ ಜಾಗ. ಆದರೆ ಮಗ್ಗ ಓಡಬೇಕಾದರೆ ಅದನ್ನು ಬಿಚ್ಚಿ ಮತ್ತೆ ಕಟ್ಟುವವನೊಬ್ಬ ಬೇಕು. ನೂಲು ಹೊರುವ ಗಾಡಿಗೂ ಅಂಥವನೇ ಬೇಕು. ನಮ್ಮ ಕನ್ನಡ ಶಾಲೆ ಮುಗಿಸಿ ಐಟಿಐ ಸೇರುವ ಹುಡುಗರು ಕಲಿಯುವುದು ಇಂಥ ಕೆಲಸವನ್ನೇ. ರಾಜರ ಇತಿಹಾಸ ಪಠ್ಯಪುಸ್ತಕದಲ್ಲಿದೆ, ಪಾನಾ ಹಿಡಿದವರದು ಇಲ್ಲ.

ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಹೊಲದ ದಾರಿಯ ಕೆಸರು ಗಾಲಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ. ಈ ದಾರಿಯ ಮೊದಲ ವಾಹನ ಚಕ್ಕಡಿ, ಮೊದಲ ಮೆಕ್ಯಾನಿಕ್‌ಗಳು ಬಡಿಗ ಮತ್ತು ಕಂಬಾರ. ಗಾಲಿಗೆ ಹಳಿ ಕಟ್ಟುವುದನ್ನು ನೋಡಿದವರಿಗೆ ಗೊತ್ತು. ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಆಗ ಗಾಲಿಯ ಮೇಲೆ ಕೂರಿಸಿ ನೀರು ಸುರಿಯುತ್ತಾರೆ. ಹಳಿ ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿಯುತ್ತದೆ. ನಾವು ವಿಜ್ಞಾನದ ತಾಸಿನಲ್ಲಿ ಉಷ್ಣದಿಂದ ಲೋಹ ಹಿಗ್ಗುತ್ತದೆ ಎಂದು ಹಲಗೆಯ ಮೇಲೆ ಬರೆದು ಕಲಿಸುವುದನ್ನು ಕಂಬಾರ ಅಂಗಳದಲ್ಲೇ ಮಾಡಿ ತೋರಿಸುತ್ತಿದ್ದ. ಮುಂದೆ ಹಳೆಯ ಮೋಟಾರಿನ ಅಚ್ಚು, ಟೈರುಗಳನ್ನು ಜೋಡಿಸಿದ ಟೈರ್ ಗಾಡಿಗಳು ಬಂದವು. ಕೀಲೆಣ್ಣೆಯ ಜಾಗಕ್ಕೆ ಗ್ರೀಸ್ ಬಂತು, ಅಷ್ಟೇ.

ಮನೆಯ ಕಾರ್ಯಾಗಾರ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಗಡಿಭಾಗದ್ದೇ ಉದಾಹರಣೆಯಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕಿರ್ಲೋಸ್ಕರ್ ಉದ್ಯಮ ತನ್ನ ಆರಂಭವನ್ನು ಲೆಕ್ಕ ಹಾಕುವುದು 1888ರ ಬೆಳಗಾವಿಯ ಸೈಕಲ್ ಅಂಗಡಿಯಿಂದ. ಆಮೇಲೆ ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ಭೂಮಿಗೆ ವಿಷ ಏರುತ್ತದೆಂದು ರೈತರು ಮೊದಮೊದಲು ನೇಗಿಲನ್ನು ಮುಟ್ಟಲಿಲ್ಲ! 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಪಾಪಾಸುಕಳ್ಳಿಯ ಬಂಜರು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು.

ಇನ್ನು ಜೀಪಿನ ಕಥೆ. 1940ರಲ್ಲಿ ಅಮೆರಿಕದ ಸೇನೆ ಗುಡ್ಡ, ಕೆಸರು ಎನ್ನದೆ ಓಡುವ ಹಗುರ ಗಾಡಿ ಬೇಕೆಂದು ಕಂಪನಿಗಳನ್ನು ಕೇಳಿತು. ಮಾದರಿ ಗಾಡಿಗೆ ಕೊಟ್ಟ ಗಡುವು ಕೇವಲ 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಸೆಪ್ಟೆಂಬರ್ 23ಕ್ಕೆ ತಂದು ನಿಲ್ಲಿಸಿತು. ಆದರೆ ಯುದ್ಧಕಾಲದ ಹೆಚ್ಚಿನ ಜೀಪುಗಳನ್ನು ಮಾಡಿದ್ದು ವಿಲ್ಲಿಸ್ ಮತ್ತು ಫೋರ್ಡ್, ಒಟ್ಟು 6 ಲಕ್ಷಕ್ಕೂ ಮೇಲೆ. ನಾಲ್ಕು ಸಿಲಿಂಡರಿನ ಎಂಜಿನ್, 60 ಅಶ್ವಶಕ್ತಿ. ಬೇಕಾದಾಗ ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಹಾಯಿಸಲು ಬೇರೆ ಲಿವರ್. ಹಿಂದಿನ ಗಾಲಿ ಕೆಸರಲ್ಲಿ ಸುಮ್ಮನೆ ತಿರುಗಿದರೂ ಮುಂದಿನವು ಎಳೆಯುತ್ತವೆ.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ವಿಲ್ಲಿಸ್ ಮಾಡಿದ ಭಾಗ ಬಹುತೇಕ ಫೋರ್ಡ್ ಗಾಡಿಗೂ ಕೂಡುತ್ತಿತ್ತು. ಎರಡು ಕೆಟ್ಟ ಜೀಪು ಸೇರಿಸಿ ಒಂದು ಓಡುವ ಜೀಪು ಮಾಡಬಹುದಿತ್ತು. ಚಿತ್ರಗಳಿರುವ ಕೈಪಿಡಿಯನ್ನೂ ಸೇನೆ ಅಚ್ಚು ಮಾಡಿತ್ತು. ಅಂದರೆ ಬಿಚ್ಚಲೆಂದೇ ಕಟ್ಟಿದ ಗಾಡಿ ಇದು.

ನಮ್ಮ ದೇಶಕ್ಕೂ ಇದು ಬಿಚ್ಚಿಕೊಂಡೇ ಬಂತು. 1945ರಲ್ಲಿ ಮಹೀಂದ್ರಾ ಆ್ಯಂಡ್ ಮೊಹಮ್ಮದ್ ಎಂಬ ಉಕ್ಕಿನ ವ್ಯಾಪಾರದ ಕಂಪನಿ ಹುಟ್ಟಿತು. 1947ರಲ್ಲಿ ಅದು 75 ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಇಲ್ಲಿ ಜೋಡಿಸಿತು. ದೇಶ ವಿಭಜನೆಯಾದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನ ಸೇರಿ ಅಲ್ಲಿನ ಅರ್ಥಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿ ಮಹೀಂದ್ರಾ ಆ್ಯಂಡ್ ಮಹೀಂದ್ರಾ ಆಯಿತು.

ಮೊದಲು ಸಾಹೇಬರ ಜೀಪು, ಚುನಾವಣೆಯ ಜೀಪು. ಮುಂದೆ ಹಳ್ಳಿಯಿಂದ ಹಳ್ಳಿಗೆ ಮಂದಿಯನ್ನು ತುಂಬಿಕೊಂಡು ಓಡುವ ವಡಾಪ್ ಜೀಪು. ಎಸ್‌ಟಿ ಬಸ್ಸು ತಪ್ಪಿದವರನ್ನು ಊರು ಮುಟ್ಟಿಸಿದ್ದು ಅದೇ. ದಾರಿಯಲ್ಲಿ ನಿಂತರೆ ಡ್ರೈವರನೇ ಇಳಿದು ಬಾನೆಟ್ ಎತ್ತುತ್ತಿದ್ದ. ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿದ್ದರೆ ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಗಾಳಿ ತೆಗೆದು ಮತ್ತೆ ಬಿಗಿಯುತ್ತಿದ್ದ. ಪಕ್ಕದಲ್ಲಿ ನಿಂತ ಕ್ಲೀನರ್ ಹುಡುಗ ಅದನ್ನು ನೋಡಿಯೇ ಕಲಿತ. ಇಂಥ ಎಷ್ಟೋ ಹುಡುಗರು ಮುಂದೆ ಮಿಸ್ತ್ರಿಗಳಾದರು. ಇವರ ವಿದ್ಯೆಗೆ ಪ್ರಮಾಣಪತ್ರ ಕೊಟ್ಟವರಿಲ್ಲ.

ಈಗ ಆ ಬಾಗಿಲು ಮುಚ್ಚುತ್ತಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಹೊಗೆ ಕಡಿಮೆಯಾಗಲಿ ಎಂಬುದು ಸರಿಯೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊಸ ಗಾಡಿಯ ದೋಷ ಹುಡುಕಲು ಸೆನ್ಸರ್ ಓದುವ ಸ್ಕ್ಯಾನರ್ ಬೇಕು. ನೋಡಿ ಕಲಿಯುವ ಹುಡುಗನಿಗೆ ಅಲ್ಲಿ ಕಾಣುವುದು ಕಪ್ಪು ಡಬ್ಬಿ. ದುರಸ್ತಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿ ಜಾಲತಾಣವನ್ನೂ ತೆರೆಯಿತು. ಮೋಟಾರು ವಾಹನ, ಕೃಷಿ ಉಪಕರಣ ಎರಡೂ ಅದರಲ್ಲಿವೆ. ಎಂಟನೆಯ, ಒಂಬತ್ತನೆಯ ತರಗತಿಯವರಿಗೆ ಇದನ್ನು ಹೇಳಿಕೊಡಿ.

ಇನ್ನೊಂದು ವಿನಂತಿ. ನೊಗ, ಅಚ್ಚು, ಗುಂಬ, ಹಳಿ, ಕಡಾಣಿ ಇವೆಲ್ಲ ನಮ್ಮ ಭಾಷೆಯ ಯಂತ್ರವಿದ್ಯೆಯ ಶಬ್ದಗಳು. ನಿಮ್ಮ ಊರಲ್ಲಿ ಗಾಲಿ ಮಾಡಿದ ಬಡಿಗರು ಇನ್ನೂ ಇದ್ದರೆ ಮಕ್ಕಳನ್ನು ಒಂದು ಶನಿವಾರ ಅವರ ಬಳಿ ಕಳಿಸಿ, ಚಕ್ಕಡಿಯ ಚಿತ್ರ ಬರೆಸಿ, ಪ್ರತಿ ಭಾಗಕ್ಕೂ ನಿಮ್ಮ ಊರಿನ ಹೆಸರು ಬರೆಸಿ.