ನಿಶ್ಚಿತಾರ್ಥದ ವಜ್ರದುಂಗುರ: ನೀರಿನ ಪರೀಕ್ಷೆ, ಸುತ್ತಿಗೆ ಪರೀಕ್ಷೆ ಎಷ್ಟು ನಿಜ? ಕೊಳ್ಳುವಾಗ ಏನು ನೋಡಬೇಕು?

ಮದುವೆಯ ಕಾಲ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಬಗೆಯ ಫಾರ್ವರ್ಡ್ ತಪ್ಪದೆ ಬರುತ್ತದೆ: ವಜ್ರ ಅಸಲಿಯೋ ನಕಲಿಯೋ, ಮನೆಯಲ್ಲೇ ಒಂದು ನಿಮಿಷದಲ್ಲಿ ತಿಳಿಯಿರಿ! ನೀರಿಗೆ ಹಾಕಿ, ಉಸಿರು ಊದಿ, ಪೇಪರ್ ಮೇಲಿಡಿ, ಸುತ್ತಿಗೆಯಿಂದ ಹೊಡೆಯಿರಿ ಎಂಬ ಸಲಹೆಗಳು ಅದರಲ್ಲಿ ಇರುತ್ತವೆ.

ಚಿನ್ನದ ವಿಚಾರದಲ್ಲಿ ನಮ್ಮ ಮನೆಗಳಿಗೆ ತಲೆಮಾರುಗಳ ಅನುಭವವಿದೆ. ದಿನದ ದರ ಪತ್ರಿಕೆಯಲ್ಲೇ ಸಿಗುತ್ತದೆ. ವಜ್ರಕ್ಕೆ ಹಾಗೆ ದಿನದ ದರ ಇಲ್ಲ. ಒಂದೇ ತೂಕದ ಎರಡು ಹರಳುಗಳ ಬೆಲೆ ಒಂದಕ್ಕೊಂದು ಹಲವು ಪಟ್ಟು ವ್ಯತ್ಯಾಸವಾಗಬಹುದು. ನಿಶ್ಚಿತಾರ್ಥಕ್ಕೆಂದು ಕೂಡಿಟ್ಟ ಹಣ ಕೈಜಾರುವುದು ಇಂಥ ಕಡೆಯೇ. ಆದ್ದರಿಂದ ನಾವು ಮೊದಲು ಫಾರ್ವರ್ಡ್‌ಗಳ ಪರೀಕ್ಷೆಗಳನ್ನು ನೋಡಿ, ಆಮೇಲೆ ಅಂಗಡಿಯಲ್ಲಿ ಏನನ್ನು ಗಮನಿಸಬೇಕು ಎಂದು ತಿಳಿಸುತ್ತೇವೆ.

ಚುಟುಕಾಗಿ ಹೇಳುವುದಾದರೆ: ಮನೆಯಲ್ಲಿ ಮಾಡುವ ಯಾವ ಪರೀಕ್ಷೆಯೂ ವಜ್ರವನ್ನು ಖಚಿತಪಡಿಸುವುದಿಲ್ಲ. ನಂಬಬೇಕಾದ್ದು ಸ್ವತಂತ್ರ ಪ್ರಯೋಗಾಲಯದ ವರದಿಯನ್ನು. ಹಣ ಹಾಕಬೇಕಾದ್ದು ಕಣ್ಣಿಗೆ ಕಾಣುವ ಗುಣಕ್ಕೆ.

ಫಾರ್ವರ್ಡ್‌ಗಳು ಹೇಳುವ ಪರೀಕ್ಷೆಗಳು

ನೀರಿನಲ್ಲಿ ಮುಳುಗಿದರೆ ಅಸಲಿ: ತಪ್ಪು. ವಜ್ರದ ಸಾಂದ್ರತೆ ನೀರಿನ ಸುಮಾರು 3.5 ಪಟ್ಟು, ಹಾಗಾಗಿ ಮುಳುಗುತ್ತದೆ ನಿಜ. ಆದರೆ ಗಾಜಿನದು ಸುಮಾರು 2.5 ಪಟ್ಟು, ಅದೂ ಮುಳುಗುತ್ತದೆ. ಅಮೆರಿಕನ್ ಡೈಮಂಡ್ ಎಂದು ಮಾರುವ ಹರಳು ವಜ್ರಕ್ಕಿಂತಲೂ ಭಾರ, ಅದೂ ಮುಳುಗುತ್ತದೆ.

ಉಸಿರು ಊದಿದಾಗ ಮಂಜು ತಕ್ಷಣ ಮಾಯವಾದರೆ ಅಸಲಿ: ಇದರ ಹಿಂದೆ ಸ್ವಲ್ಪ ವಿಜ್ಞಾನವಿದೆ. ವಜ್ರ ತಾಮ್ರಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ಆದ್ದರಿಂದ ಮಂಜು ಬೇಗ ಆರುತ್ತದೆ. ಆದರೆ ಮಾಯ್ಸನೈಟ್ ಎಂಬ ಬೇರೊಂದು ಹರಳೂ ಶಾಖವನ್ನು ಚೆನ್ನಾಗಿಯೇ ಸಾಗಿಸುತ್ತದೆ. ಹರಳಿನ ಮೇಲೆ ಎಣ್ಣೆ, ಸೋಪಿನ ಜಿಡ್ಡು ಇದ್ದರಂತೂ ಫಲಿತಾಂಶ ಪೂರ್ತಿ ಬದಲಾಗುತ್ತದೆ.

ಪೇಪರ್ ಮೇಲಿಟ್ಟಾಗ ಅಕ್ಷರ ಕಾಣದಿದ್ದರೆ ಅಸಲಿ: ವಜ್ರ ಬೆಳಕನ್ನು ಬಹಳ ಬಾಗಿಸುವುದರಿಂದ ಕೆಳಗಿನ ಅಕ್ಷರ ಕಾಣುವುದಿಲ್ಲ. ಮಾಯ್ಸನೈಟ್ ಬೆಳಕನ್ನು ವಜ್ರಕ್ಕಿಂತ ಹೆಚ್ಚು ಬಾಗಿಸುತ್ತದೆ, ಅದರಲ್ಲೂ ಅಕ್ಷರ ಕಾಣದು. ಉಂಗುರದಲ್ಲಿ ಕೂರಿಸಿದ ಹರಳಿಗೆ ಈ ಪರೀಕ್ಷೆ ಮಾಡಲೂ ಆಗುವುದಿಲ್ಲ.

ನೇರಳಾತೀತ ದೀಪದಲ್ಲಿ ನೀಲಿಯಾಗಿ ಹೊಳೆದರೆ ಅಸಲಿ: ಕೆಲವು ವಜ್ರಗಳು ಮಾತ್ರ ಹಾಗೆ ಹೊಳೆಯುತ್ತವೆ. ಹೊಳೆಯದೆ ಇರುವ ಅಸಲಿ ವಜ್ರಗಳೇ ಹೆಚ್ಚು.

ಸುತ್ತಿಗೆ ಏಟಿಗೆ ಒಡೆಯದಿದ್ದರೆ ಅಸಲಿ: ಇದು ಅತ್ಯಂತ ಅಪಾಯಕಾರಿ. ಸುತ್ತಿಗೆಯೇ ಒಡೆಯುತ್ತದೆ ಎಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಕೂಡ ಬರೆದಿದ್ದ. ವಜ್ರವನ್ನು ವಜ್ರದಿಂದಲೇ ಕೊಯ್ಯಬೇಕು ಎಂಬ ಗಾದೆ ಗೀರುವ, ಕೊಯ್ಯುವ ವಿಷಯಕ್ಕೆ ಸರಿ. ಮೋಸ್ ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10 ಅಂಕ, ಅಂದರೆ ಬೇರೆ ಖನಿಜಗಳು ಅದರ ಮೇಲೆ ಗೀರು ಹಾಕಲಾರವು. ಆದರೆ ಪೆಟ್ಟು ತಾಳುವ ಶಕ್ತಿಯೇ ಬೇರೆ. ವಜ್ರದ ಹರಳಿಗೆ ನಾಲ್ಕು ದಿಕ್ಕುಗಳಲ್ಲಿ ಸುಲಭವಾಗಿ ಸೀಳುವ ಗುಣವಿದೆ. ಸುತ್ತಿಗೆ ಬಿದ್ದರೆ ಲಕ್ಷ ರೂಪಾಯಿಯ ಅಸಲಿ ವಜ್ರವೂ ಚೂರಾಗುತ್ತದೆ.

ಮೂರು ಹೆಸರು, ಮೂರು ವಸ್ತು

ಅಮೆರಿಕನ್ ಡೈಮಂಡ್ ಎಂಬುದು ವಜ್ರವೇ ಅಲ್ಲ. ಅದು ಕ್ಯೂಬಿಕ್ ಜಿರ್ಕೋನಿಯಾ ಎಂಬ ಕೃತಕ ಹರಳು. ಮಾಯ್ಸನೈಟ್ ಸಿಲಿಕಾನ್ ಮತ್ತು ಇಂಗಾಲ ಸೇರಿದ ಹರಳು, ಅದೂ ವಜ್ರವಲ್ಲ. ಅಂಗಡಿಯಲ್ಲಿ ಬಳಸುವ, ಶಾಖ ನೋಡಿ ಹೇಳುವ ಪೆನ್ ಮಾದರಿಯ ಟೆಸ್ಟರ್ ಮಾಯ್ಸನೈಟನ್ನು ವಜ್ರ ಎಂದೇ ತೋರಿಸಬಹುದು.

ಲ್ಯಾಬ್ ವಜ್ರದ ಕತೆ ಬೇರೆ. ಅದು ನಕಲಿ ಎಂಬ ಫಾರ್ವರ್ಡ್ ಸುಳ್ಳು. ಗಣಿಯ ವಜ್ರದಂತೆ ಅದೂ ಶುದ್ಧ ಇಂಗಾಲದ ಹರಳೇ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಭಾರಿ ಒತ್ತಡ ಮತ್ತು ಶಾಖದಲ್ಲಿ ವಜ್ರ ತಯಾರಿಸಿದರು. ಈಗ ಅನಿಲದಿಂದ ಪದರ ಪದರವಾಗಿ ಬೆಳೆಸುವ ವಿಧಾನವೂ ಇದೆ, ನಮ್ಮ ಸೂರತ್‌ನಲ್ಲಿ ಅದೊಂದು ದೊಡ್ಡ ಉದ್ಯಮ. 2023ರ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಜಿಲ್ ಬೈಡನ್ ಅವರಿಗೆ ಉಡುಗೊರೆ ಕೊಟ್ಟ 7.5 ಕ್ಯಾರೆಟ್ ವಜ್ರ ಇಂಥದ್ದೇ. ಗಣಿಯದೋ ಲ್ಯಾಬ್‌ನದೋ ಎಂದು ಬರಿಗಣ್ಣಿನಿಂದ ಯಾರೂ ಹೇಳಲಾರರು, ವಿಶೇಷ ಉಪಕರಣವೇ ಬೇಕು.

ವ್ಯತ್ಯಾಸ ಇರುವುದು ಬೆಲೆಯಲ್ಲಿ. ಲ್ಯಾಬ್ ವಜ್ರ ಬಹಳ ಅಗ್ಗ, ಮತ್ತು ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿದಿದೆ. ಲ್ಯಾಬ್ ವಜ್ರ ಕೊಳ್ಳುವುದು ತಪ್ಪಲ್ಲ. ಗಣಿಯ ವಜ್ರದ ಬೆಲೆ ಕೊಟ್ಟು ಲ್ಯಾಬ್ ವಜ್ರ ಮನೆಗೆ ತರುವುದು ಮೋಸ. ಅದಕ್ಕೇ ಬಿಲ್ಲಿನಲ್ಲಿ ಗಣಿಯದು ಅಥವಾ ಲ್ಯಾಬ್‌ನದು ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ.

ನಾಲ್ಕು ಅಳತೆಗಳು: ಯಾವುದಕ್ಕೆ ಹಣ, ಯಾವುದಕ್ಕೆ ಬೇಡ

1. ಕಟ್: ಇದು ಎಲ್ಲಕ್ಕಿಂತ ಮುಖ್ಯ. ಕಟ್ ಎಂದರೆ ದುಂಡು, ಚೌಕ ಎಂಬ ಆಕಾರವಲ್ಲ, ಮುಖಗಳನ್ನು ಎಷ್ಟು ನಿಖರವಾದ ಕೋನದಲ್ಲಿ ಕೊಯ್ದಿದ್ದಾರೆ ಎಂಬುದು. ಕೋನ ಸರಿಯಿದ್ದರೆ ಮೇಲಿಂದ ಹೋದ ಬೆಳಕು ಒಳಗೇ ಪ್ರತಿಫಲಿಸಿ ಮತ್ತೆ ಮೇಲಕ್ಕೆ ಬರುತ್ತದೆ, ನಾವು ಕಾಣುವ ಝಗಮಗ ಅದೇ. ತೀರಾ ಆಳವಾಗಿ ಅಥವಾ ಚಪ್ಪಟೆಯಾಗಿ ಕೊಯ್ದರೆ ಬೆಳಕು ಕೆಳಗಿಂದ ಸೋರಿಹೋಗುತ್ತದೆ, ಎಷ್ಟೇ ಶುದ್ಧ ಹರಳಾದರೂ ಮಂಕಾಗಿ ಕಾಣುತ್ತದೆ. ಜಿಐಎ ಎಂಬ ಅಮೆರಿಕದ ಸಂಸ್ಥೆ ದುಂಡು ವಜ್ರಗಳ ಕಟ್‌ಗೆ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ದರ್ಜೆ ಕೊಡುತ್ತದೆ. ದುಂಡು ವಜ್ರವಾದರೆ ಎಕ್ಸಲೆಂಟ್ ದರ್ಜೆಯದನ್ನೇ ಕೇಳಿ.

2. ಬಣ್ಣ: ಬಣ್ಣವಿಲ್ಲದ ಡಿ ದರ್ಜೆಯಿಂದ ಹಳದಿ ಛಾಯೆಯ ಝಡ್‌ವರೆಗೆ ಅಳತೆ ಇದೆ. ಡಿ ಮತ್ತು ಜಿ ನಡುವಿನ ವ್ಯತ್ಯಾಸ ಬೆರಳ ಮೇಲೆ ಕಾಣುವುದೇ ಕಷ್ಟ, ಬೆಲೆಯಲ್ಲಿ ಮಾತ್ರ ಎದ್ದು ಕಾಣುತ್ತದೆ. ಹಳದಿ ಚಿನ್ನದ ಉಂಗುರದಲ್ಲಿ ಐ, ಜೆ ದರ್ಜೆಯ ಹರಳೂ ಬಿಳುಪಾಗಿಯೇ ಕಾಣುತ್ತದೆ. ಪ್ಲಾಟಿನಂ ಅಥವಾ ಬಿಳಿ ಚಿನ್ನಕ್ಕೆ ಜಿ, ಎಚ್ ಸಾಕು.

3. ಶುದ್ಧತೆ: ಹರಳಿನೊಳಗಿನ ಚುಕ್ಕೆ, ಗೆರೆಗಳನ್ನು 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್‌ನಲ್ಲಿ ನೋಡಿ ದರ್ಜೆ ಕೊಡುತ್ತಾರೆ. ವಿವಿಎಸ್ ದರ್ಜೆಗೂ ವಿಎಸ್ ದರ್ಜೆಗೂ ಇರುವ ಅಂತರ ಬರಿಗಣ್ಣಿಗೆ ಕಾಣುವುದಿಲ್ಲ. ವಿಎಸ್2 ಸಾಮಾನ್ಯವಾಗಿ ಸಾಕು. ಎಸ್ಐ1 ಆದರೆ ಚುಕ್ಕೆ ಕಾಣುತ್ತದೆಯೇ ಎಂದು ಕಣ್ಣಾರೆ ನೋಡಿ ತೆಗೆದುಕೊಳ್ಳಿ.

4. ಕ್ಯಾರೆಟ್: ಇದು ತೂಕ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅಂಗಡಿಯ ಭಾಷೆಯಲ್ಲಿ 100 ಸೆಂಟ್. ಅರ್ಧ, ಒಂದು ಎಂಬ ಪೂರ್ಣ ಅಂಕಿಗೆ ಬಂದಾಗ ಬೆಲೆ ಜಿಗಿಯುತ್ತದೆ. ಒಂದು ಕ್ಯಾರೆಟ್‌ನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲವಿದ್ದರೆ 90 ಸೆಂಟ್‌ನದು ಸುಮಾರು 6.2. ಬೆರಳ ಮೇಲೆ ಈ ಅಂತರ ಯಾರಿಗೂ ತಿಳಿಯದು, ಉಳಿತಾಯ ಮಾತ್ರ ದೊಡ್ಡದು. ಇನ್ನೊಂದು ಎಚ್ಚರಿಕೆ: ಹತ್ತು ಪುಟ್ಟ ಹರಳುಗಳು ಸೇರಿ ಒಂದು ಕ್ಯಾರೆಟ್ ಆದ ಉಂಗುರ, ಒಂದೇ ಹರಳು ಒಂದು ಕ್ಯಾರೆಟ್ ಇರುವ ಉಂಗುರಕ್ಕಿಂತ ಬಹಳ ಅಗ್ಗವಿರಬೇಕು. ಒಟ್ಟು ತೂಕವೋ ಒಂದು ಹರಳಿನ ತೂಕವೋ ಎಂದು ಕೇಳಿ.

ಹಾಲ್‌ಮಾರ್ಕ್ ಇದ್ದರೆ ವಜ್ರವೂ ಅಸಲಿಯೇ?

ಇಲ್ಲ. ಬಿಐಎಸ್ ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ವಜ್ರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. 18 ಕ್ಯಾರೆಟ್ ಎಂಬ ಗುರುತೂ ಚಿನ್ನದ್ದೇ, ಅಂದರೆ 75 ಪಾಲು ಚಿನ್ನ. ವಜ್ರದ ಕ್ಯಾರೆಟ್ ತೂಕ, ಚಿನ್ನದ ಕ್ಯಾರೆಟ್ ಶುದ್ಧತೆ. ಹೆಸರು ಒಂದೇ, ಅರ್ಥ ಬೇರೆ. ಹರಳನ್ನು ಗಟ್ಟಿಯಾಗಿ ಹಿಡಿಯಬೇಕಾದ್ದರಿಂದ 22 ಕ್ಯಾರೆಟ್‌ಗಿಂತ ಗಡಸಾದ 18 ಕ್ಯಾರೆಟ್ ಚಿನ್ನವನ್ನು ವಜ್ರಕ್ಕೆ ಹೆಚ್ಚಾಗಿ ಬಳಸುತ್ತಾರೆ, ಅದು ಮೋಸವಲ್ಲ.

ಚಿನ್ನದ ಮೇಲಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ವಜ್ರಕ್ಕೆ ಬೇಕಾದ್ದು ಜಿಐಎ, ಐಜಿಐ ಮುಂತಾದ ಪ್ರಯೋಗಾಲಯಗಳ ವರದಿ. ಅಂಗಡಿಯವರೇ ಮುದ್ರಿಸಿಕೊಟ್ಟ ಕಾರ್ಡ್ ಇದಕ್ಕೆ ಸಮವಲ್ಲ. ವರದಿಯ ಸಂಖ್ಯೆಯನ್ನು ಆ ಪ್ರಯೋಗಾಲಯದ ವೆಬ್‌ಸೈಟ್‌ನಲ್ಲಿ ಹಾಕಿ ತೂಕ, ಬಣ್ಣ, ಅಳತೆ ಹೊಂದುತ್ತವೆಯೇ ನೋಡಿ. ಎಷ್ಟೋ ಹರಳುಗಳ ಅಂಚಿನಲ್ಲಿ ಆ ಸಂಖ್ಯೆಯನ್ನೇ ಲೇಸರ್‌ನಿಂದ ಬರೆದಿರುತ್ತಾರೆ. ಲೂಪ್ ಕೊಟ್ಟು ತೋರಿಸಲು ಕೇಳಿದರೆ ಪ್ರಾಮಾಣಿಕ ವ್ಯಾಪಾರಿ ಬೇಸರಪಡುವುದಿಲ್ಲ.

ಎರಡು ತಿಂಗಳ ಸಂಬಳ ಹಾಕಲೇಬೇಕೇ?

ಇದು ಸಂಪ್ರದಾಯವಲ್ಲ, ಜಾಹೀರಾತು. ವಜ್ರ ಶಾಶ್ವತ ಎಂಬರ್ಥದ ಪ್ರಸಿದ್ಧ ಘೋಷವಾಕ್ಯವನ್ನು 1947ರಲ್ಲಿ ಡಿ ಬೀರ್ಸ್ ಕಂಪನಿಗಾಗಿ ಬರೆದವರು ಫ್ರಾನ್ಸಿಸ್ ಗೆರೆಟಿ ಎಂಬ ಜಾಹೀರಾತು ಲೇಖಕಿ. ಉಂಗುರಕ್ಕೆ ಎರಡು ತಿಂಗಳ ಸಂಬಳ ಎಂಬ ಲೆಕ್ಕವನ್ನು 1980ರ ದಶಕದಲ್ಲಿ ಹರಡಿದ್ದೂ ಅದೇ ಕಂಪನಿಯ ಜಾಹೀರಾತುಗಳು.

ವಜ್ರ ಚಿನ್ನದಂಥ ಆಪತ್ಕಾಲದ ಗಂಟೂ ಅಲ್ಲ. ಮರಳಿ ಮಾರುವಾಗ ಕೊಟ್ಟ ಮೇಕಿಂಗ್ ಚಾರ್ಜ್ ಮತ್ತು ಜಿಎಸ್‌ಟಿ ಹಿಂದೆ ಬರುವುದಿಲ್ಲ, ಹರಳಿಗೂ ಕೊಂಡ ಬೆಲೆ ಸಾಮಾನ್ಯವಾಗಿ ಸಿಗುವುದಿಲ್ಲ. ಸಾಲ ಮಾಡಿ ದೊಡ್ಡ ಹರಳು ಕೊಳ್ಳುವ ಮೊದಲು ಎರಡೂ ಮನೆಯವರು ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು.

ಅಂಗಡಿಯಲ್ಲಿ ಕೇಳಬೇಕಾದ ಐದು ಪ್ರಶ್ನೆಗಳು

1. ಗಣಿಯ ವಜ್ರವೋ, ಲ್ಯಾಬ್ ವಜ್ರವೋ? ಬಿಲ್ಲಿನಲ್ಲಿ ಬರೆದುಕೊಡುತ್ತೀರಾ?
2. ಯಾವ ಪ್ರಯೋಗಾಲಯದ ವರದಿ? ಸಂಖ್ಯೆಯನ್ನು ಈಗಲೇ ಮೊಬೈಲ್‌ನಲ್ಲಿ ನೋಡಬಹುದೇ?
3. ಕಟ್ ದರ್ಜೆ ಏನು? ಅಂಗಡಿಯ ಸ್ಪಾಟ್‌ಲೈಟ್ ಬಿಟ್ಟು ಕಿಟಕಿಯ ಬೆಳಕಿನಲ್ಲಿ ನೋಡಬಹುದೇ?
4. ಹರಳಿನ ತೂಕ ಕಳೆದು ಚಿನ್ನದ ನಿವ್ವಳ ತೂಕ ಎಷ್ಟು? ಉಂಗುರ 4.2 ಗ್ರಾಂ ತೂಗಿ ಹರಳು ಒಂದು ಕ್ಯಾರೆಟ್ ಇದ್ದರೆ ಚಿನ್ನದ ಹಣ 4 ಗ್ರಾಂಗೆ ಮಾತ್ರ.
5. ಮರಳಿ ಕೊಟ್ಟರೆ ಅಥವಾ ಬದಲಾಯಿಸಿದರೆ ಎಷ್ಟು ಪಾಲು ಹಣ ಕೊಡುತ್ತೀರಿ? ಅದನ್ನೂ ಬರೆದುಕೊಡುತ್ತೀರಾ?

ಉತ್ತರ ಬಾಯಿಮಾತಿನಲ್ಲಿ ಮಾತ್ರ ಸಿಕ್ಕರೆ ಬೇರೆ ಅಂಗಡಿ ನೋಡಿ. ಸುತ್ತಿಗೆಯ ಫಾರ್ವರ್ಡ್ ಬಂದ ಗ್ರೂಪಿಗೆ ಈ ಐದು ಪ್ರಶ್ನೆಗಳನ್ನು ಕಳಿಸಿ, ಉಂಗುರ ಕೊಳ್ಳಲು ಹೊರಟ ಯಾರಾದರೂ ಅಲ್ಲಿ ಇದ್ದೇ ಇರುತ್ತಾರೆ.